ದೈವ ಇಳಿದು ಬಾರದ ಶಾಲೆ

ನಮ್ಮ ಉಡುಪಿ ಜಿಲ್ಲೆಯ ಶಂಕರಪುರದ ಕಡೆ ರಿಷಬ್ ಶೆಟ್ಟಿ ಎಂದರೆ ಈಗ ‘ಕಾಂತಾರ’ ಎಂದೇ ಲೆಕ್ಕ. ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ಬಸ್ಸಿನಲ್ಲೂ ಅದೇ ಮಾತು, ಮಲ್ಲಿಗೆ ಕಟ್ಟುತ್ತ ಕೂತ ಜಗಲಿಯಲ್ಲೂ ಅದೇ ಮಾತು. ನಮ್ಮ ಕೋಲ, ನಮ್ಮ ಕಂಬಳ, ನಮ್ಮ ಕಾಡು ದೇಶವಿಡೀ ಸುತ್ತಿ ಬಂದ ಮೇಲೆ ಹೆಮ್ಮೆ ಆಗದೆ ಇರುತ್ತದೆಯೇ? ಆದರೆ ಅವರು ನಿರ್ದೇಶಿಸಿದ ಸಿನಿಮಾಗಳಲ್ಲಿ ನಿಮಗೆ ತೀರಾ ಇಷ್ಟದ್ದು ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಗೆ ಬರುವ ಹೆಸರು ಬೇರೆ. ಅದು ಉದ್ದದ ಹೆಸರು: ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. “ಎಂಥ ಮಾರಾಯ್ರೆ, ಕಾಂತಾರ ಬಿಟ್ಟು ಶಾಲೆಯ ಪಿಚ್ಚರಾ?” ಎಂದು ಕೇಳಿದವರಿದ್ದಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಕೂತು ಸಾವಕಾಶವಾಗಿ ಹೇಳಬೇಕು.

ಮೊದಲಿಗೆ ‘ಕಾಂತಾರ’ಕ್ಕೆ ಸಲ್ಲಬೇಕಾದದ್ದು ಸಲ್ಲಲಿ. 2022ರ ಸೆಪ್ಟೆಂಬರ್ 30ರಂದು ಅದು ತೆರೆಗೆ ಬಂದಾಗ ನಾವು ನೋಡಿದ್ದು ನಮ್ಮ ಗದ್ದೆಯ ಕೆಸರನ್ನು, ನಮ್ಮ ಕೋಣಗಳ ಓಟವನ್ನು, ನಮ್ಮ ಪಂಜುರ್ಲಿ, ಗುಳಿಗ ದೈವಗಳನ್ನು. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ದೊಂದಿಯ ಬೆಳಕನ್ನು ಹಿಡಿದ ಬಗೆ, ಅಜನೀಶ್ ಲೋಕನಾಥ್ ಅವರ ಸಂಗೀತದ ಅಬ್ಬರ, ಕೊನೆಯಲ್ಲಿ ನಾಯಕ ಶಿವನ ಮೈಮೇಲೆ ಗುಳಿಗ ಬಂದಾಗ ಥಿಯೇಟರಿಗೆ ಥಿಯೇಟರೇ ಉಸಿರು ಬಿಗಿಹಿಡಿದದ್ದು, ಇವೆಲ್ಲ ಸುಳ್ಳಲ್ಲ. ಸುಮಾರು 16 ಕೋಟಿ ರೂಪಾಯಿಯಲ್ಲಿ ಮಾಡಿದ ಸಿನಿಮಾ 400 ಕೋಟಿ ದಾಟಿತು ಎಂದು ಪತ್ರಿಕೆಗಳು ಬರೆದವು. ರಿಷಬ್ ಅವರಿಗೆ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿಯೂ ಬಂತು. 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಅಧ್ಯಾಯ 1’ ಇನ್ನೂ ದೊಡ್ಡದು. ಕದಂಬರ ಕಾಲ, ಅರಮನೆ, ಬಂದರು, ರಥ, ಯುದ್ಧ. ಅಲ್ಲಿನ ನಾಯಕ ಬೆರ್ಮೆ ಸಾಮಾನ್ಯ ಮನುಷ್ಯನ ಅಳತೆಗೆ ಸಿಗುವವನಲ್ಲ. ಹೊರದೇಶಗಳಲ್ಲಿ ಕವಚ ತೊಟ್ಟು ಆಕಾಶಕ್ಕೆ ಹಾರುವ ವೀರರ ಸಿನಿಮಾಗಳಿವೆಯಲ್ಲ, ಅವುಗಳಿಗೆ ನಮ್ಮ ನೆಲ ತನ್ನದೇ ಧಾಟಿಯಲ್ಲಿ ಕೊಟ್ಟ ಉತ್ತರ ಇದು ಎನ್ನಬಹುದು. ನಾನು ಎರಡನ್ನೂ ನೋಡಿದ್ದೇನೆ, ಎರಡನ್ನೂ ಮೆಚ್ಚಿದ್ದೇನೆ.

ಆದರೆ ಮೆಚ್ಚುವುದು ಬೇರೆ, ಮನೆಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಹತ್ತಿರ ಹೋಗುವುದು ಬೇರೆ. ಹಾಗೆ ನಾನು ಹತ್ತಿರ ಹೋಗುವುದು 2018ರ ಆಗಸ್ಟ್‌ನಲ್ಲಿ ಬಂದ ಆ ಶಾಲೆಯ ಸಿನಿಮಾಕ್ಕೆ. ನಮ್ಮಲ್ಲಿ ಅದು ಚೆನ್ನಾಗಿಯೇ ಓಡಿತು, 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರ ಎಂಬ ಗೌರವವನ್ನೂ ಪಡೆಯಿತು. ಆಮೇಲೆ ‘ಕಾಂತಾರ’ದ ಅಬ್ಬರದಲ್ಲಿ ಹಿಂದಿನ ಬೆಂಚಿಗೆ ಸರಿದುಹೋಯಿತು. ಇವತ್ತು ಕರ್ನಾಟಕದ ಗಡಿ ದಾಟಿದರೆ ರಿಷಬ್ ಶೆಟ್ಟಿಯ ಹೆಸರು ಗೊತ್ತಿಲ್ಲದವರು ಕಡಿಮೆ, ಈ ಸಿನಿಮಾ ಗೊತ್ತಿರುವವರು ಇನ್ನೂ ಕಡಿಮೆ.

ಕಥೆ ಇಷ್ಟೇ. ಕಾಸರಗೋಡಿನಲ್ಲೊಂದು ಸರ್ಕಾರಿ ಕನ್ನಡ ಶಾಲೆ. ಮುಚ್ಚಿಸಬೇಕೆಂದು ಹೊಂಚು ಹಾಕಿದ ಅಧಿಕಾರಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸಲು ಕನ್ನಡವೇ ಬಾರದ ಮಲಯಾಳಿ ಮೇಷ್ಟ್ರ ನೇಮಕ. ಮಕ್ಕಳು ಸುಮ್ಮನಿರುವುದಿಲ್ಲ. ಊರಿನವರೂ ಸೇರಿ ಮೈಸೂರಿನಿಂದ ಒಬ್ಬ ಹಿರಿಯರನ್ನು ಕರೆತರುತ್ತಾರೆ. ಮಾತು ಕೋರ್ಟಿಗೆ ಹೋಗುತ್ತದೆ. ಇದಕ್ಕೆ ಒಂದಿಷ್ಟು ಹರೆಯದ ಮೊದಲ ಪ್ರೀತಿ, ಒಂದಿಷ್ಟು ಹಾಡು, ಹೊಟ್ಟೆ ಹುಣ್ಣಾಗುವಷ್ಟು ನಗು.

ಈ ಕಥೆ ಗಾಳಿಯಿಂದ ಹುಟ್ಟಿದ್ದಲ್ಲ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡು ಕೇರಳಕ್ಕೆ ಹೋಯಿತು. ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರ, ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆ, ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಬದಿಯಡ್ಕ ಎಲ್ಲವೂ ಗೆರೆಯ ಆಚೆಗಾದವು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಹೇಳಿತು. ಅದು ಜಾರಿಗೆ ಬರಲಿಲ್ಲ. ಕಯ್ಯಾರರು ಅದೇ ನೋವನ್ನು ಎದೆಯಲ್ಲಿಟ್ಟುಕೊಂಡು ನೂರು ದಾಟಿ 2015ರಲ್ಲಿ ತೀರಿಕೊಂಡರು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯವೆಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಕಳಿಸಿದ್ದನ್ನು ವಿರೋಧಿಸಿ ಅಲ್ಲಿ ನಿಜವಾಗಿಯೂ ಪ್ರತಿಭಟನೆಗಳಾಗಿವೆ. ಹೀಗೆ ಅರವತ್ತು ವರ್ಷ ಮಡುಗಟ್ಟಿದ ದುಃಖವನ್ನು ಕೈಗೆತ್ತಿಕೊಂಡ ನಿರ್ದೇಶಕ ಘೋಷಣೆ ಕೂಗಿಸಬಹುದಿತ್ತು. ರಿಷಬ್ ಹಾಗೆ ಮಾಡಲಿಲ್ಲ. ಆ ದುಃಖವನ್ನು ಏಳನೇ ಕ್ಲಾಸಿನ ಆಸುಪಾಸಿನ ಮಕ್ಕಳ ಕೈಗೆ ಕೊಟ್ಟರು. ದೊಡ್ಡವರಿಗೆ ಚರಿತ್ರೆಯಾದದ್ದು ಆ ಮಕ್ಕಳಿಗೆ ಬೋರ್ಡಿನ ಮೇಲಿರುವ ಒಂದು ಅರ್ಥವಾಗದ ಲೆಕ್ಕ.

ಸಿನಿಮಾದ ಮೊದಲ ಸೊಗಸು ಅದರ ಹೆಸರಿನಲ್ಲೇ ಉಂಟು. ಕರಾವಳಿಯ ಯಾವ ಸರ್ಕಾರಿ ಶಾಲೆಗೆ ಹೋದರೂ ಈ ಸಾಲು ಕಾಣುತ್ತದೆ. ಗೋಡೆ ಗಡಿಯಾರದ ಕೆಳಗೆ, ಕುಡಿಯುವ ನೀರಿನ ಟ್ಯಾಂಕಿನ ಮೇಲೆ, ಉಕ್ಕಿನ ಕಪಾಟಿನ ಬಾಗಿಲಲ್ಲಿ, ರಂಗಮಂಟಪದ ಹಣೆಯಲ್ಲಿ, ಧ್ವಜಕಟ್ಟೆಯ ಕಲ್ಲಿನಲ್ಲಿ ಕೊಡುಗೆ ಇಂಥವರು ಎಂದು ಬಣ್ಣದಲ್ಲಿ ಬರೆದಿರುತ್ತದೆ. ಕೊಟ್ಟವರು ಹೆಚ್ಚಾಗಿ ಆ ಶಾಲೆಯಲ್ಲೇ ಓದಿ, ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆಯುವಲ್ಲಿಂದ ಶುರುಮಾಡಿ ಮೇಲೆ ಬಂದವರು. ತಂದೆತಾಯಿಯ ನೆನಪಿಗೆ ಒಂದು ಕೋಣೆ ಕಟ್ಟಿಸಿಕೊಡುತ್ತಾರೆ, ಅದೂ ಆಗದಿದ್ದರೆ ನಾಲ್ಕು ಬೆಂಚು, ಎರಡು ಫ್ಯಾನು. ಸರ್ಕಾರದ ಶಾಲೆ ಎಂಬುದು ಕಾಗದದಲ್ಲಿ. ನೆಲದಲ್ಲಿ ಅದು ಊರಿನ ಶಾಲೆ. ಈ ಸತ್ಯವನ್ನು ಹೇಳಲು ಬೇರೆಯವರಿಗೆ ಅರ್ಧ ಗಂಟೆಯ ಭಾಷಣ ಬೇಕಾದೀತು. ಇಲ್ಲಿ ಟಿಕೆಟಿನ ಮೇಲೆ ಅಚ್ಚಾದ ಹೆಸರೇ ಆ ಕೆಲಸ ಮಾಡಿ ಮುಗಿಸಿದೆ. ರಾಮಣ್ಣ ರೈ ಎಂಬ ಹೆಸರಿನ ಜಾಗದಲ್ಲಿ ಪ್ರತಿಯೊಬ್ಬನೂ ತನ್ನೂರಿನ ಶಾಲೆಯ ಗೋಡೆಯಲ್ಲಿ ಕಂಡ ಹೆಸರನ್ನು ಓದಿಕೊಳ್ಳುತ್ತಾನೆ. ಚಿತ್ರೀಕರಣ ನಡೆದದ್ದು ದಕ್ಷಿಣ ಕನ್ನಡದ ಕೈರಂಗಳದ ಸರ್ಕಾರಿ ಶಾಲೆಯಲ್ಲಿ. ಆಮೇಲೆ ರಿಷಬ್ ಆ ಶಾಲೆಯನ್ನು ದತ್ತು ತೆಗೆದುಕೊಂಡರು. ಸಿನಿಮಾದ ಹೆಸರಿಗೆ ಸಿನಿಮಾದವರೇ ನಡೆದುಕೊಂಡ ಹಾಗಾಯಿತು.

ಇನ್ನು ತರಗತಿಯ ಒಳಗೆ ಹೋಗೋಣ. ಗಣಿತದ ಮೇಷ್ಟ್ರು ಪಾಠ ಮಾಡುತ್ತಾರೆ. ಮಕ್ಕಳಿಗೆ ಒಂದಕ್ಷರ ತಿಳಿಯುವುದಿಲ್ಲ. ಥಿಯೇಟರು ನಗುತ್ತದೆ. ಈ ನಗುವನ್ನು ಸ್ವಲ್ಪ ಹೊತ್ತು ಗಮನಿಸಬೇಕು. ಮೊದಲು ನಾವು ಆ ಗಲಿಬಿಲಿಗೆ ನಗುತ್ತೇವೆ. ಮತ್ತೆ ಮಕ್ಕಳ ತಂಟೆಗೆ ನಗುತ್ತೇವೆ. ಸ್ವಲ್ಪ ಹೊತ್ತಿನಲ್ಲಿ, ನಗುತ್ತಿರುವಾಗಲೇ, ಹೊಟ್ಟೆಯೊಳಗೆ ಏನೋ ಕಸಿವಿಸಿಯಾಗುತ್ತದೆ. ಕ್ಲಾಸಿನಲ್ಲಿ ಕೂತು, ಕಿವಿ ತೆರೆದಿಟ್ಟು, ಎದುರಿನವರು ಹೇಳಿದ್ದು ಏನೂ ಹೊಳೆಯದೆ ಇದ್ದ ಮಗುವಿನ ಸ್ಥಿತಿ ನಮ್ಮ ಕಡೆಯವರಿಗೆ ಹೊಸತಲ್ಲ. ಶಂಕರಪುರದಲ್ಲಿ ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಆಚೆ ಬ್ಯಾರಿ. ನಾವೆಲ್ಲ ಕನ್ನಡ ಕಲಿತದ್ದೇ ಒಂದನೇ ಕ್ಲಾಸಿನಲ್ಲಿ. ಆದರೆ ನಮ್ಮ ಟೀಚರು ನಮ್ಮ ಮಾತು ಬಲ್ಲವರು. ಮಗು ತುಳುವಿನಲ್ಲಿ ನೀರು ಕೇಳಿದರೆ ಕನ್ನಡದಲ್ಲಿ ಹೇಳಿಕೊಟ್ಟು ನೀರು ಕೊಟ್ಟವರು. ಅವರು ಕೈಹಿಡಿದು ಸಂಕ ದಾಟಿಸಿದ್ದರಿಂದ ನಾವು ಆಚೆ ದಡ ಕಂಡೆವು. ಕಾಸರಗೋಡಿನ ಆ ಕ್ಲಾಸಿನಲ್ಲಿ ಕೈಹಿಡಿಯುವವರೇ ಇಲ್ಲ. ಮಲಯಾಳದ ಮೇಲೆ ಸಿನಿಮಾಕ್ಕೆ ದ್ವೇಷ ಇಲ್ಲ ಎಂಬುದು ನನಗೆ ಬಹಳ ದೊಡ್ಡದಾಗಿ ಕಂಡಿತು. ಅಲ್ಲಿನ ಒಬ್ಬ ಹುಡುಗನ ಹೆಸರೇ ಮಮ್ಮುಟ್ಟಿ. ಅವನೂ ಈ ಕನ್ನಡ ಶಾಲೆಯವನೇ. ಗಡಿನಾಡಿನ ಬದುಕು ಹಾಗೆಯೇ ಇರುವುದು. ನಾಲ್ಕು ಭಾಷೆ ಒಟ್ಟಿಗೆ ಉಣ್ಣುತ್ತವೆ, ಒಟ್ಟಿಗೆ ಆಡುತ್ತವೆ. ಜಗಳ ಇರುವುದು ಭಾಷೆಗಳ ನಡುವೆ ಅಲ್ಲ, ಒಂದು ಮಗುವಿಗೆ ತಿಳಿಯುವ ಮಾತಿನಲ್ಲಿ ಕಲಿಸದ ಆಡಳಿತದ ಜೊತೆ.

ಪ್ರವೀಣನಾಗಿ ರಂಜನ್, ಮಮ್ಮುಟ್ಟಿಯಾಗಿ ಸಂಪತ್, ಪಲ್ಲವಿಯಾಗಿ ಸಪ್ತಾ ಪಾವೂರು. ಈ ಮಕ್ಕಳನ್ನು ನೋಡುವುದೇ ಒಂದು ಸುಖ. ಕನ್ನಡ ಸಿನಿಮಾದ ಮಕ್ಕಳು ಎಷ್ಟೋ ಸಲ ದೊಡ್ಡವರ ಮಾತನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಇಲ್ಲಿ ಅವರು ತೊದಲುತ್ತಾರೆ, ನಾಚುತ್ತಾರೆ, ಹುಸಿ ಧೈರ್ಯ ತೋರಿಸುತ್ತಾರೆ, ಇನ್ನೊಬ್ಬ ಮಾತಾಡುವಾಗ ನೆಲ ನೋಡುತ್ತಾರೆ. ಪ್ರವೀಣ ಪಲ್ಲವಿಯ ಕಡೆ ತಿರುಗುವಾಗ ಅವನ ಮುಖದಲ್ಲಿ ಬರುವ ಪೆಚ್ಚು ನಗು ಒಂದೇ ಸಾಕು. ಅದನ್ನು ಯಾವ ನಿರ್ದೇಶಕನೂ ಹೇಳಿ ಮಾಡಿಸಲಾರ, ಬರುವ ತನಕ ಕಾಯಬಹುದು ಅಷ್ಟೇ. ಈ ಕಾಯುವ ತಾಳ್ಮೆ ಸಿನಿಮಾದ ಮೈಯಲ್ಲೆಲ್ಲ ಇದೆ. ವಾಸುಕಿ ವೈಭವ್ ಅವರ ಸಂಗೀತವೂ ಮಕ್ಕಳ ಎತ್ತರಕ್ಕೆ ಬಗ್ಗಿದ್ದು. ‘ದಡ್ಡ’ ಹಾಡಿನಲ್ಲಿ ಶಾಲೆಯ ಗದ್ದಲ ಇದೆ, ‘ಹೇ ಶಾರದೆ’ಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ನಿಂತವರ ಮೊರೆ ಇದೆ. ವೆಂಕಟೇಶ್ ಅಂಗುರಾಜ್ ಅವರ ಕ್ಯಾಮೆರಾ ಹೆಂಚಿನ ಮಾಡು, ಕೆಂಪು ಮಣ್ಣು, ಹಸಿರನ್ನು ತೋರಿಸಿಯೂ ಅದನ್ನು ಪ್ರವಾಸಿಗರ ಚಿತ್ರಪಟ ಮಾಡುವುದಿಲ್ಲ. ಅಲ್ಲೇ ಹುಟ್ಟಿದವನು ನೋಡುವ ಹಾಗೆ ನೋಡುತ್ತದೆ.

ಈ ಸಿನಿಮಾಕ್ಕೂ ‘ಕಾಂತಾರ’ಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಶಂಕರಪುರದ ಮಲ್ಲಿಗೆಯ ಲೆಕ್ಕದಲ್ಲಿ ಹೇಳುವುದು ಸುಲಭ. ಬಿಸಿಲೇರುವ ಮೊದಲೇ ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಸುಮಾರು 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕೋಲದ ಋತುವಿನಲ್ಲಿ ಈ ಹೂವು ಅಟ್ಟೆಗಟ್ಟಲೆ ದೈವಸ್ಥಾನಗಳಿಗೆ ಹೋಗುತ್ತದೆ. ದೀವಟಿಗೆಯ ಬೆಳಕಿನಲ್ಲಿ ದೈವದ ಮುಡಿಯಿಂದ ಇಳಿಬಿದ್ದ ಬಿಳಿಯ ರಾಶಿಯನ್ನು ಕಂಡರೆ ಮೈ ಜುಮ್ಮೆನ್ನುತ್ತದೆ. ಅದೇ ಗಿಡದ, ಅದೇ ದಿನದ ಮೊಗ್ಗಿನಿಂದ ಒಂದು ಗೇಣಿನಷ್ಟನ್ನು ಅಮ್ಮ ಎತ್ತಿಟ್ಟು ಶಾಲೆಗೆ ಹೋಗುವ ಮಗಳ ಜಡೆಗೆ ಮುಡಿಸುತ್ತಾಳೆ. ‘ಕಾಂತಾರ’ ಆ ರಾಶಿ. ಕಾಸರಗೋಡಿನ ಶಾಲೆ ಈ ಗೇಣು ಹೂವು. ಪರಿಮಳ ಒಂದೇ, ಆದರೆ ಒಂದರ ಎದುರು ಕೈಮುಗಿದು ದೂರ ನಿಲ್ಲುತ್ತೇವೆ, ಇನ್ನೊಂದು ದಿನವಿಡೀ ನಮ್ಮ ಜೊತೆಗಿರುತ್ತದೆ.

ಈ ಎರಡು ಬಗೆಯ ಸಿನಿಮಾಗಳ ನಡುವೆ ನಡೆದಾಡುವ ಒಬ್ಬ ನಟರಿದ್ದಾರೆ, ಪ್ರಕಾಶ್ ತುಮಿನಾಡು. ತುಮಿನಾಡು ಎಂಬ ಊರು ಇರುವುದು ಗಡಿಯಾಚೆಗಿನ ಮಂಜೇಶ್ವರದಲ್ಲಿ. ಶಾಲೆಯ ಸಿನಿಮಾದಲ್ಲಿ ಅವರು ಭುಜಂಗ, ‘ಕಾಂತಾರ’ದಲ್ಲಿ ರಾಂಪ. ರಾಂಪನಿಗೂ ನಕ್ಕಿದ್ದೇವೆ. ಆದರೆ ಭುಜಂಗನ ಬಗ್ಗೆ ಹೇಳದಿದ್ದರೆ ಮಾತು ಪೂರ್ತಿಯಾಗದು. ತನಗೆ ಎಲ್ಲ ಗೊತ್ತು ಎಂಬ ಗತ್ತು, ಗೊತ್ತಿಲ್ಲ ಎಂದು ಬಯಲಾಗುವ ಮೊದಲೇ ಮಾತು ಬದಲಿಸುವ ಚುರುಕು, ಊರಿಗೆ ಏನಾದರೂ ಆದರೆ ಎಲ್ಲರಿಗಿಂತ ಮೊದಲು ಓಡುವ ಕಾಲು. ಇಂಥವರು ಪ್ರತಿ ಊರಿನಲ್ಲಿ ಒಬ್ಬರಿರುತ್ತಾರೆ. ಬ್ರಹ್ಮಕಲಶಕ್ಕೂ ಅವರೇ, ಶಾಲಾ ವಾರ್ಷಿಕೋತ್ಸವಕ್ಕೂ ಅವರೇ, ಸಾವಿನ ಮನೆಗೂ ಅವರೇ. ತುಮಿನಾಡು ಅವರು ನಗಿಸುವುದಕ್ಕೆಂದು ಮೈ ಹೊರಳಾಡಿಸುವುದಿಲ್ಲ. ಮಾತಿನ ಕೊನೆಯನ್ನು ಒಂದಿಷ್ಟು ಎಳೆದು, ಕಣ್ಣನ್ನು ಅರೆಕ್ಷಣ ತಡವಾಗಿ ತಿರುಗಿಸುತ್ತಾರೆ. ಅಷ್ಟರಲ್ಲಿ ಸಭೆ ನಗುತ್ತಿರುತ್ತದೆ. ಗಡಿನಾಡಿನ ಊರೂರಿನಲ್ಲಿ ನಡೆಯುವ ತುಳು ನಾಟಕಗಳನ್ನು ನೋಡಿ ಬೆಳೆದವರಿಗೆ ಈ ಗತಿ ಕೂಡಲೇ ಗುರುತು ಸಿಗುತ್ತದೆ.

ಕೊನೆಗೆ, ಮೈಸೂರಿನಿಂದ ಬರುವ ಆ ಹಿರಿಯರಾಗಿ ಅನಂತನಾಗ್. ಕೋರ್ಟಿನಲ್ಲಿ ಅವರು ಮಾಡುವ ವಾದವೇ ಸಿನಿಮಾದ ತುದಿ. ದನಿ ಏರಿಸುವ ಅವಕಾಶ ಹೆಜ್ಜೆಹೆಜ್ಜೆಗೆ ಇದ್ದರೂ ಅವರು ಅದನ್ನು ಕೂಡಿಟ್ಟುಕೊಳ್ಳುತ್ತಾರೆ. ಒಮ್ಮೆ ತಮಾಷೆ, ಒಮ್ಮೆ ಮುನಿಸು, ಒಮ್ಮೆ ಅಜ್ಜ ಮೊಮ್ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳುವ ಸಮಾಧಾನ. ಮಾತೃಭಾಷೆಯ ಮೇಲೆ ನಮ್ಮಲ್ಲಿ ಆಗಿರುವ ಭಾಷಣಗಳಿಗೆ ಲೆಕ್ಕವಿಲ್ಲ, ಕೇಳಿ ಮರೆತವೂ ಅಷ್ಟೇ. ಈ ಮಾತು ಮರೆಯದೆ ಉಳಿಯುವುದಕ್ಕೆ ಕಾರಣ, ಅದರ ಹಿಂದೆ ಎರಡು ಗಂಟೆ ನಾವು ಆ ಮಕ್ಕಳ ಜೊತೆ ಬೆಂಚಿನಲ್ಲಿ ಕೂತಿದ್ದೇವೆ. ಸಂವಿಧಾನದಲ್ಲಿ 350ಎ ಎಂಬ ವಿಧಿ ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಅನುಕೂಲ ಒದಗಿಸಬೇಕು ಎನ್ನುತ್ತದೆ ಅದು. ಕಾಸರಗೋಡನ್ನು ಆಚೆ ಸೇರಿಸಿದ 1956ರಲ್ಲೇ, ಏಳನೇ ತಿದ್ದುಪಡಿಯ ಮೂಲಕ, ಆ ವಿಧಿಯೂ ಸೇರಿತು. ಗಡಿ ಎಳೆದವರಿಗೆ ಗೆರೆಯ ಆಚೆ ಉಳಿದ ಮಕ್ಕಳ ನೆನಪು ಅಷ್ಟಾದರೂ ಇತ್ತು. ಕಾನೂನಿನ ಪುಸ್ತಕದಲ್ಲಿ ಸದ್ದಿಲ್ಲದೆ ಮಲಗಿರುವ ಅಂಥ ಮಾತು ಒಬ್ಬ ಹುಡುಗನ ಲೆಕ್ಕದ ಪುಸ್ತಕಕ್ಕೆ ಹೇಗೆ ಸಂಬಂಧಿಸಿದ್ದು ಎಂಬುದನ್ನು ಈ ಸಿನಿಮಾ ನೋಡಿದ ಮಗುವೂ ತಿಳಿಯಬಲ್ಲದು.

ನನ್ನ ಆಯ್ಕೆಯ ತಿರುಳು ಇಲ್ಲಿದೆ. ‘ಕಾಂತಾರ’ದಲ್ಲಿ ಊರು ಉಳಿಯುವುದು ಊರಿನವನೊಬ್ಬ ಮನುಷ್ಯನಿಗಿಂತ ಮಿಗಿಲಾದ ಕಾರಣ. ದೈವ ಇಳಿದು ಬಂತು, ನ್ಯಾಯ ಆಯಿತು. ದೈವವನ್ನು ನಂಬಿದ ನಾಡಿನವನಾಗಿ ನನಗೆ ಅದು ಒಪ್ಪಿಗೆಯೇ. ಕಾಸರಗೋಡಿನ ಶಾಲೆಗೆ ಮಾತ್ರ ಯಾವ ದೈವವೂ ಇಳಿದು ಬರುವುದಿಲ್ಲ. ಅಲ್ಲಿ ಯಾರ ಮೈಯಲ್ಲೂ ವಿಶೇಷ ಬಲವಿಲ್ಲ. ಓದಿನಲ್ಲಿ ಹಿಂದುಳಿದ ಹುಡುಗ, ಬಾಯಿ ಜೋರಿನ ಭುಜಂಗ, ವಯಸ್ಸಾದ ಒಬ್ಬ ಮನುಷ್ಯ, ಕಿಸೆಯಲ್ಲಿ ದುಡ್ಡಿಲ್ಲದ ಊರವರು. ಇವರು ಅರ್ಜಿ ಹಿಡಿದು, ಬಸ್ಸು ಹತ್ತಿ, ಕಚೇರಿಯ ಕಂಬ ಸುತ್ತಿ, ಕಟಕಟೆಯ ಎದುರು ನಿಂತು ತಮ್ಮದನ್ನು ಕೇಳಿ ಪಡೆಯುತ್ತಾರೆ. ನಮಗೆ ದಿನವೂ ಬೇಕಾಗುವ ಧೈರ್ಯ ಇಂಥದ್ದು. ಪಂಚಾಯತಿಗೆ ಹೋಗಿ ಒಂದು ಮಾತು ಕೇಳುವುದಕ್ಕೆ ಗುಳಿಗನ ಆವೇಶ ಬೇಡ, ಪ್ರವೀಣನ ಹಟ ಸಾಕು.

ಹಾಗೆಂದು ಈ ಇಬ್ಬರು ರಿಷಬರು ಬೇರೆಬೇರೆಯಲ್ಲ. ‘ಕಾಂತಾರ’ದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಹೊಡೆದಾಟದ್ದಲ್ಲ. ಎಲ್ಲ ಮುಗಿದ ಮೇಲೆ ದೈವ ಊರವರನ್ನೂ ಅರಣ್ಯಾಧಿಕಾರಿ ಮುರಳಿಯನ್ನೂ ಹತ್ತಿರ ಕರೆದು, ಅವರ ಕೈಗಳನ್ನು ಒಂದರ ಮೇಲೊಂದು ಇಡಿಸಿ ತನ್ನ ಎದೆಗೆ ಒತ್ತಿಕೊಳ್ಳುತ್ತದಲ್ಲ, ಅದು. ಬಾಯಲ್ಲಿ ಒಂದು ಮಾತಿಲ್ಲ. ಆ ಅಬ್ಬರದ ನಡುವೆ ಅಷ್ಟು ಮೆದುವಾದ ಕ್ಷಣ ಎಲ್ಲಿಂದ ಬಂತು ಎಂದರೆ ನಾನು ಕಾಸರಗೋಡಿನ ಶಾಲೆಯ ಕಡೆ ಕೈ ತೋರಿಸುತ್ತೇನೆ. ಜಗಳವಾಡಿದವರು ಒಂದೇ ಬೆಂಚಿನಲ್ಲಿ ಕೂರಬೇಕು ಎಂಬ ಪಾಠವನ್ನು ಈ ನಿರ್ದೇಶಕ ಅಲ್ಲೇ ಕಲಿತು ಬಂದದ್ದು.

ದೊಡ್ಡ ಸಿನಿಮಾದ ನೆರಳಿಗೆ ಸಣ್ಣದು ಸರಿದದ್ದು ಬೇರೆ ಕಡೆಯೂ ಆಗಿದೆ. ಕ್ರಿಸ್ಟೋಫರ್ ನೋಲನ್ ಎಂದರೆ ಲೋಕಕ್ಕೆ ಬ್ಯಾಟ್‌ಮ್ಯಾನ್. ಆದರೆ ಆ ಸರಣಿಯ 2005 ಮತ್ತು 2008ರ ಚಿತ್ರಗಳ ನಡುವೆ, 2006ರಲ್ಲಿ ಅವರು ಮಾಡಿದ ‘ದಿ ಪ್ರೆಸ್ಟೀಜ್’ ಇಬ್ಬರು ಜಾದೂಗಾರರ ಹಗೆಯ ಕಥೆ, ಅದನ್ನೇ ಎದೆಗಪ್ಪಿಕೊಂಡವರು ಬಹಳ. ನೆರೆಯ ಕೇರಳದ ಬೇಸಿಲ್ ಜೋಸೆಫ್ 2021ರಲ್ಲಿ ‘ಮಿನ್ನಲ್ ಮುರಳಿ’ಯಿಂದ ಊರೂರಿಗೆ ಪರಿಚಯವಾದರು. ಸಿಡಿಲು ಬಡಿದು ಶಕ್ತಿ ಪಡೆದ ದರ್ಜಿಯ ಆ ಕಥೆಗೆ ಮೊದಲೇ ಅವರು ‘ಕುಂಞಿರಾಮಾಯಣಂ’, ‘ಗೋದಾ’ ಎಂಬ ಹಳ್ಳಿಯ ನಗೆಯ ಸಿನಿಮಾ ಮಾಡಿದ್ದರು. ದೊಡ್ಡ ಸಿನಿಮಾದಲ್ಲಿ ನಿರ್ದೇಶಕನ ಸಾಮರ್ಥ್ಯ ಕಾಣುತ್ತದೆ. ಅವನಿಗೆ ಯಾರ ಮೇಲೆ ಪ್ರೀತಿ ಎಂಬುದು ಸಣ್ಣದರಲ್ಲೇ ಗೊತ್ತಾಗುವುದು. ರಿಷಬ್ ಅವರ ವಿಚಾರದಲ್ಲಂತೂ ಆ ಪ್ರೀತಿಗೆ ಬೇರೆ ಸಾಕ್ಷಿಯೂ ಇದೆ. ನಟೇಶ್ ಹೆಗಡೆಯವರ ‘ಪೆದ್ರೊ’, ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ದಂಥ ಚಿತ್ರಗಳಿಗೆ ನಿರ್ಮಾಪಕರಾಗಿ ನಿಂತವರು ಅವರು. 2022ರಲ್ಲಿ, ‘ಕಾಂತಾರ’ ಓಡುತ್ತಿದ್ದ ದಿನಗಳಲ್ಲೇ, ‘ಶಿವಮ್ಮ’ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು.

ಈಗ ನಮ್ಮ ಉಡುಪಿ ಜಿಲ್ಲೆಯಲ್ಲಿ ಕೇರಳದ ಅಧಿಕಾರಿಯೂ ಇಲ್ಲ, ಗಡಿಯ ತಕರಾರೂ ಇಲ್ಲ. ಆದರೂ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಬೆಳಿಗ್ಗೆ ಹಳದಿ ಬಸ್ಸುಗಳು ಮನೆ ಬಾಗಿಲಿಗೆ ಬಂದು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕರೆದೊಯ್ಯುತ್ತವೆ, ಅಜ್ಜ ಕೊಟ್ಟ ಗಡಿಯಾರ ಇರುವ ಶಾಲೆಯ ಮುಂದಿನಿಂದಲೇ ಹಾದುಹೋಗುತ್ತವೆ. ಕಾಸರಗೋಡಿನವರಿಗೆ ಹೋರಾಡಲು ಎದುರಾಳಿಯಾದರೂ ಇದ್ದಾರೆ, ನಮಗೆ ನಾವೇ ಎದುರಾಳಿ. ಆದ್ದರಿಂದ ಈ ಸಿನಿಮಾ ಬಂದ ವರ್ಷಕ್ಕಿಂತ ಇಂದು ನಮಗೆ ಹೆಚ್ಚು ಬೇಕಾದದ್ದು. ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಅವರು ನಗುವಲ್ಲಿ ನಗಲಿ, ಮಧ್ಯೆ ಕೇಳುವ ಪ್ರಶ್ನೆಗೆ ನೀವು ಉತ್ತರ ಕೊಡಿ. ನೋಡಿ ಮುಗಿಸಿದ ವಾರದಲ್ಲೇ ನೀವು ಓದಿದ ಸರ್ಕಾರಿ ಶಾಲೆಗೊಮ್ಮೆ ಹೋಗಿ, ಅಲ್ಲಿ ಏನು ಬೇಕಾಗಿದೆ ಎಂದು ಹೆಡ್‌ಮಾಸ್ಟರರನ್ನು ಕೇಳಿ ಬನ್ನಿ. ಒಂದು ಒಳ್ಳೆಯ ಸಿನಿಮಾಕ್ಕೆ ಪ್ರೇಕ್ಷಕ ಕೊಡಬಹುದಾದ ಚಪ್ಪಾಳೆಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.